ನೋಡಬಹುದು, ಮುಟ್ಟುವುದು ಹೇಗೆ?

2022ರ ಜುಲೈ 8ರ ನಸುಕಿನಲ್ಲಿ ಕೆನಡಾದ ರಾಜರ್ಸ್ ದೂರಸಂಪರ್ಕ ಕಂಪನಿಯ ಎಂಜಿನಿಯರುಗಳು ತಮ್ಮ ಕೋರ್ ನೆಟ್‌ವರ್ಕಿನ ನವೀಕರಣ ನಡೆಸುತ್ತಿದ್ದರು. ಏಳು ಹಂತಗಳ ಕೆಲಸ; ಐದು ಹಂತ ತೊಂದರೆಯಿಲ್ಲದೆ ಮುಗಿದಿದ್ದವು. ಆರನೆಯ ಹಂತದಲ್ಲಿ ಡಿಸ್ಟ್ರಿಬ್ಯೂಷನ್ ರೂಟರುಗಳ ಕಾನ್ಫಿಗರೇಶನ್‌ನಿಂದ ಒಂದು ಫಿಲ್ಟರ್ ಅಳಿಸಿದರು. ಅಲ್ಲಿಯವರೆಗೆ ಆ ಫಿಲ್ಟರ್ ತಡೆಹಿಡಿದಿದ್ದ ರೂಟಿಂಗ್ ಮಾಹಿತಿಯೆಲ್ಲ ಕೋರ್ ರೂಟರುಗಳಿಗೆ ನುಗ್ಗಿತು. ಅವುಗಳ ಸಾಮರ್ಥ್ಯ ಸಾಲಲಿಲ್ಲ, ಕುಸಿದವು. 1.2 ಕೋಟಿಗೂ ಹೆಚ್ಚು ಗ್ರಾಹಕರ ಮೊಬೈಲ್, ಮನೆಯ ಫೋನ್, ಇಂಟರ್ನೆಟ್ ಒಟ್ಟಿಗೇ ನಿಂತವು. ಇಂಟರಾಕ್ ಡೆಬಿಟ್ ಪಾವತಿ ದೇಶದಾದ್ಯಂತ ಕೈಕೊಟ್ಟಿತು. ತುರ್ತು ಸಂಖ್ಯೆ 911ಕ್ಕೂ ಎಷ್ಟೋ ಜನರ ಕರೆ ಹೋಗಲಿಲ್ಲ.

ತಪ್ಪು ಕಮಾಂಡ್ ಕೊಡುವುದು ಈ ವೃತ್ತಿಯಲ್ಲಿ ಹೊಸದೇನಲ್ಲ. ಆದರೆ ಆ ದಿನ ತಪ್ಪು ಎಲ್ಲಿ ಆಯಿತೆಂದು ತಿಳಿಯುವುದಕ್ಕೇ ಸುಮಾರು 14 ಗಂಟೆ ಹಿಡಿಯಿತು. ಉಪಕರಣಗಳನ್ನು ದೂರದಿಂದ ನೋಡಲು, ತಿದ್ದಲು ಇದ್ದ ನಿರ್ವಹಣಾ ನೆಟ್‌ವರ್ಕ್ ಕೂಡ ಅದೇ ಕೋರ್ ಅನ್ನು ನಂಬಿಕೊಂಡಿತ್ತು. ಕೋರ್ ಬಿದ್ದಾಗ ರೂಟರಿಗೆ ಲಾಗಿನ್ ಆಗುವ ದಾರಿಯೂ ಹೋಯಿತು, ಲಾಗ್ ನೋಡುವ ದಾರಿಯೂ ಹೋಯಿತು. ಸಿಬ್ಬಂದಿಯ ಕೈಯಲ್ಲಿದ್ದ ಫೋನುಗಳೂ ರಾಜರ್ಸ್‌ನವೇ. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು.

ನೆಟ್‌ವರ್ಕ್ ನಿರ್ವಹಣೆಯ ಸಾಫ್ಟ್‌ವೇರ್ ಎಂದ ಕೂಡಲೇ ನಮ್ಮಲ್ಲಿ ಮಾತು ಹೋಗುವುದು ಯಾವ ಕಂಪನಿಯದು, ಎಷ್ಟು ಲೈಸೆನ್ಸ್, ಗೋಡೆಯ ಪರದೆಯ ಮೇಲೆ ಎಷ್ಟು ಚೆಂದ ಕಾಣುತ್ತದೆ ಎಂಬುದರ ಕಡೆಗೆ. ಅದರ ಕೆಳಗೆ ಹಳೆಯ ಮೂರು ಪ್ರಶ್ನೆಗಳಿವೆ. ಉಪಕರಣ ಹೇಗಿದೆ ಎಂದು ನೋಡುವುದು, ಅದನ್ನು ಬದಲಿಸುವುದು, ಈ ಎರಡಕ್ಕೂ ಅದರ ಬಳಿ ಹೋಗುವ ದಾರಿ. ಮೊದಲನೆಯದಕ್ಕೆ ಸಾಕಷ್ಟು ಒಳ್ಳೆಯ ಉತ್ತರ ಮೂವತ್ತು ವರ್ಷದ ಹಿಂದೆಯೇ ಸಿಕ್ಕಿತು. ಎರಡನೆಯದಕ್ಕೆ ಅರೆಬರೆ ಉತ್ತರ ಸಿಕ್ಕಿ ಹತ್ತು ಹದಿನೈದು ವರ್ಷವಾಗಿದೆ. ಮೂರನೆಯದನ್ನು ದೊಡ್ಡ ದೊಡ್ಡವರೇ ಮತ್ತೆ ಮತ್ತೆ ಮರೆಯುತ್ತಾರೆ. ದುಡ್ಡು ಮಾತ್ರ ಮೊದಲನೆಯದರ ಮೇಲೆ ಸುರಿಯುತ್ತಲೇ ಇದೆ.

ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್ ಅನ್ನು ಕಟ್ಟಿದ ಬಿಬಿಎನ್ ಕಂಪನಿ 1970ರ ದಶಕದ ಆರಂಭದಲ್ಲೇ ಮೆಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಒಂದು ನಿಯಂತ್ರಣ ಕೇಂದ್ರ ನಡೆಸುತ್ತಿತ್ತು. ಇಂದಿನ ರೂಟರುಗಳ ಜಾಗದಲ್ಲಿದ್ದ ಇಂಪ್ ಎಂಬ ಯಂತ್ರಗಳು ತಮ್ಮ ಸ್ಥಿತಿಯನ್ನು ಆಗಾಗ ಅಲ್ಲಿಗೆ ವರದಿ ಮಾಡುತ್ತಿದ್ದವು. ದೂರದ ಯಾವುದೋ ಊರಿನ ಟೆಲಿಫೋನ್ ಲೈನ್ ಕೆಟ್ಟದ್ದು ಫೋನ್ ಕಂಪನಿಗಿಂತ ಮೊದಲು ಈ ಕೇಂದ್ರಕ್ಕೆ ಗೊತ್ತಾಗುತ್ತಿತ್ತು. ಇವರು ಫೋನ್ ಮಾಡಿ ಹೇಳಿದರೆ ಅವರು ನಂಬುತ್ತಿರಲಿಲ್ಲ.

ಅದೇ ಆರ್ಪಾನೆಟ್ 1980ರ ಅಕ್ಟೋಬರ್ 27ರಂದು ಹಲವು ಗಂಟೆ ಪೂರಾ ನಿಂತುಹೋಯಿತು. ಒಂದು ಇಂಪ್‌ನ ಮೆಮೊರಿ ಕೆಟ್ಟು, ದಾರಿಗಳ ಬಗೆಗಿನ ಸಂದೇಶದ ಸರಣಿ ಸಂಖ್ಯೆಯಲ್ಲಿ ಬಿಟ್‌ಗಳು ಉದುರಿದವು. ಒಂದೇ ಇಂಪ್‌ನ ಹೆಸರಿನಲ್ಲಿ 8, 40, 44 ಎಂಬ ಮೂರು ಸಂಖ್ಯೆಗಳ ಸಂದೇಶಗಳು ಸುತ್ತತೊಡಗಿದವು. ಸಂಖ್ಯೆ 63 ದಾಟಿದರೆ ಮತ್ತೆ ಸೊನ್ನೆಯಿಂದ ಎಣಿಸುವ ಲೆಕ್ಕ ಅದು. ಹಾಗಾಗಿ 8ಕ್ಕಿಂತ 40 ಹೊಸದು, 40ಕ್ಕಿಂತ 44 ಹೊಸದು, 44ಕ್ಕಿಂತ ಮತ್ತೆ 8 ಹೊಸದು. ಪ್ರತಿ ಇಂಪ್ ಬಂದ ಸಂದೇಶವನ್ನು ಹೊಸದೆಂದು ನಂಬಿ ಮುಂದಕ್ಕೆ ಕಳಿಸುತ್ತಲೇ ಇತ್ತು. ಬೇರೆ ಕೆಲಸಕ್ಕೆ ಬಿಡುವೇ ಇಲ್ಲ. ಆ ಒಂದು ಇಂಪ್ ಹೆಸರಿನ ಸಂದೇಶಗಳನ್ನು ಕಡೆಗಣಿಸುವಂತೆ ಉಳಿದ ಯಂತ್ರಗಳಿಗೆ ತೇಪೆ ಹಾಕಿದ ಮೇಲೆ ಜಾಲ ಎದ್ದಿತು. ನೋಡಲು ಕೇಂದ್ರವಿತ್ತು, ನುರಿತವರಿದ್ದರು. ಕಷ್ಟವಾದದ್ದು ಕೆಟ್ಟ ಜಾಲದ ಮೂಲಕವೇ ಕೆಟ್ಟ ಜಾಲವನ್ನು ಮುಟ್ಟುವುದು. ರಾಜರ್ಸ್ ಘಟನೆಗೆ 42 ವರ್ಷ ಹಿಂದಿನ ಮಾತು ಇದು.

1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮ್ಯೂಸ್ ಬರೆದ ಪುಟ್ಟ ಪ್ರೋಗ್ರಾಂ ‘ಪಿಂಗ್’ ಇವತ್ತಿಗೂ ನಮ್ಮ ಮೊದಲ ಪರೀಕ್ಷೆ. ‘ಇದ್ದೀಯಾ?’ ಎಂದು ಕೇಳುತ್ತದೆ, ‘ಇದ್ದೀನಿ’ ಎಂದು ಉತ್ತರ ಬರುತ್ತದೆ, ಎಷ್ಟು ಮಿಲಿಸೆಕೆಂಡಿಗೆ ಬಂತು ಎಂಬ ಲೆಕ್ಕ ಸಿಗುತ್ತದೆ. ಲಕ್ಷಾಂತರ ರೂಪಾಯಿಯ ಸಾಫ್ಟ್‌ವೇರಿನ ಹಸಿರು ದೀಪದ ಹಿಂದೆಯೂ ಬಹುಪಾಲು ಇದೇ ಇದೆ. ಆದರೆ ಉಪಕರಣ ಬದುಕಿದೆ ಎಂದರೆ ಕೆಲಸ ಮಾಡುತ್ತಿದೆ ಎಂದಲ್ಲ. ಪೋರ್ಟಿನಲ್ಲಿ ಎಷ್ಟು ದಟ್ಟಣೆ, ಎಷ್ಟು ಪ್ಯಾಕೆಟ್ ಹಾಳಾಗಿ ಬರುತ್ತಿವೆ, ಪ್ರೊಸೆಸರ್ ಎಷ್ಟು ಬಿಸಿ ಎಂದು ಕೇಳಬೇಕಾದರೆ ಎಲ್ಲ ಕಂಪನಿಗಳ ಉಪಕರಣಗಳಿಗೂ ತಿಳಿಯುವ ಒಂದು ರೀತಿ ಬೇಕು.

1988ರಲ್ಲಿ ಆ ರೀತಿಗಾಗಿ ಎರಡು ಬಣ ಎದುರಾದವು. ಒಂದು ಕಡೆ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಸಿಎಂಐಪಿ: ವಿಸ್ತಾರ, ಶಿಸ್ತು, ಎಲ್ಲವನ್ನೂ ಒಳಗೊಳ್ಳುವ ಹಂಬಲ. ಇನ್ನೊಂದು ಕಡೆ ಜೆಫ್ರಿ ಕೇಸ್, ಮಾರ್ಕ್ ಫೆಡರ್, ಮಾರ್ಟಿನ್ ಶಾಫ್‌ಸ್ಟಾಲ್, ಜೇಮ್ಸ್ ಡೇವಿನ್ ಎಂಬ ನಾಲ್ವರು ಹಿಂದಿನ ವರ್ಷವಷ್ಟೇ ತಮ್ಮ ರೂಟರುಗಳಿಗಾಗಿ ಕಟ್ಟಿಕೊಂಡಿದ್ದ ಸರಳ ವಿಧಾನ. ಇಂಟರ್ನೆಟ್ ರೂಪಿಸಿದವರಲ್ಲಿ ಒಬ್ಬರಾದ ವಿಂಟ್ ಸರ್ಫ್ ಆ ಏಪ್ರಿಲ್‌ನಲ್ಲಿ ಬರೆದ ಶಿಫಾರಸು ಇಬ್ಬರನ್ನೂ ಸಮಾಧಾನ ಮಾಡುವಂಥದು: ಸದ್ಯಕ್ಕೆ ಸರಳವಾದದ್ದನ್ನು ಬಳಸೋಣ, ಮುಂದೆ ದೊಡ್ಡದಕ್ಕೆ ಹೋಗೋಣ. ಆ ‘ಸದ್ಯಕ್ಕೆ’ ಇನ್ನೂ ಮುಗಿದಿಲ್ಲ. ತಾತ್ಕಾಲಿಕವೆಂದು ಬಂದ ಆ ಸರಳ ವಿಧಾನ ಎಸ್‌ಎನ್‌ಎಂಪಿ ಎಂಬ ಹೆಸರಿನಲ್ಲಿ ಇಂದು ಕಚೇರಿಯ ಪ್ರಿಂಟರ್, ಯುಪಿಎಸ್, ಬಾಗಿಲ ಕಾರ್ಡ್ ರೀಡರ್‌ನಲ್ಲೂ ಇದೆ. ಸಿಎಂಐಪಿ ಟೆಲಿಕಾಂ ಲೋಕದ ಕೆಲವು ಮೂಲೆಗಳಲ್ಲಷ್ಟೇ ಉಳಿಯಿತು.

ಎಸ್‌ಎನ್‌ಎಂಪಿಯ ಸರಳತೆ ಎಂಥದು ಎಂದು ಸ್ವಲ್ಪ ನಿಂತು ನೋಡಬೇಕು. ಉಪಕರಣದೊಳಗೆ ‘ಏಜೆಂಟ್’ ಎಂಬ ಚಿಕ್ಕ ಪ್ರೋಗ್ರಾಂ ಕೂತಿರುತ್ತದೆ. ಅದು ಹೇಳಬಲ್ಲ ಪ್ರತಿಯೊಂದು ಸಂಗತಿಗೂ ಒಂದು ಉದ್ದದ ಅಂಕಿಸಾಲು. 1.3.6.1.2.1.2.2.1.10 ಎಂದು ಕೇಳಿ ಕೊನೆಗೆ ಪೋರ್ಟಿನ ಸಂಖ್ಯೆ ಸೇರಿಸಿದರೆ, ಆ ಪೋರ್ಟಿನೊಳಗೆ ಇಲ್ಲಿಯವರೆಗೆ ಬಂದ ಬೈಟುಗಳ ಎಣಿಕೆ ಸಿಗುತ್ತದೆ. ಯಾವ ಅಂಕಿಸಾಲಿಗೆ ಯಾವ ಅರ್ಥ ಎಂಬ ಪಟ್ಟಿಯೇ ಮಿಬ್. 1991ರಲ್ಲಿ ನಿಗದಿಯಾದ ಎರಡನೆಯ ಮಿಬ್‌ನ ಅಂಕಿಸಾಲುಗಳು ನಿನ್ನೆ ಕೊಂಡ ಸ್ವಿಚ್ಚಿಗೂ ತಿಳಿಯುತ್ತವೆ. ನಿರ್ವಹಣಾ ಸಾಫ್ಟ್‌ವೇರ್ ಕೇಳುವುದು 161ನೇ ಯುಡಿಪಿ ಪೋರ್ಟಿನಲ್ಲಿ. ಉಪಕರಣ ತಾನಾಗಿ ‘ಟ್ರ್ಯಾಪ್’ ಎಂಬ ದೂರು ಕಳಿಸುವುದು 162ಕ್ಕೆ. ದೂರು ದಾರಿಯಲ್ಲಿ ಕಳೆದುಹೋದರೆ ಹೋಯಿತು, ರಸೀದಿ ಇಲ್ಲ.

ಓದುವ ‘ಗೆಟ್’ ಜೊತೆಗೆ ಬರೆಯುವ ‘ಸೆಟ್’ ಕೂಡ ಮೊದಲ ದಿನದಿಂದಲೂ ಇತ್ತು. ಅಂದರೆ ನೋಡುವುದಕ್ಕೂ ಬದಲಿಸುವುದಕ್ಕೂ ಒಂದೇ ಉಪಾಯ ಸಾಕು ಎಂಬುದು ಮೂಲ ಆಸೆ. ಅದು ನಡೆಯಲಿಲ್ಲ. ಗುಟ್ಟಿನ ಪದವೇ ಪಾಸ್‌ವರ್ಡ್, ಅದು ತೆರೆದ ಅಕ್ಷರದಲ್ಲೇ ಜಾಲದ ಮೇಲೆ ಓಡಾಡುತ್ತಿತ್ತು. ಕಾರ್ಖಾನೆಯಿಂದ ಬರುವಾಗಲೇ ಓದಲು ‘ಪಬ್ಲಿಕ್’, ಬರೆಯಲು ‘ಪ್ರೈವೇಟ್’ ಎಂದು ಇಟ್ಟಿರುತ್ತಿದ್ದರು, ಎಷ್ಟೋ ಕಡೆ ಅದನ್ನು ಯಾರೂ ಬದಲಿಸುತ್ತಿರಲಿಲ್ಲ. ಬುದ್ಧಿವಂತರು ‘ಸೆಟ್’ ಅನ್ನು ಮುಚ್ಚಿಯೇಬಿಟ್ಟರು. 1993ರಲ್ಲಿ ಬಂದ ಎರಡನೆಯ ಆವೃತ್ತಿಯ ಭದ್ರತೆ ಯಾರಿಗೂ ಅರ್ಥವಾಗದಷ್ಟು ತೊಡಕಾಗಿ, 1996ರಲ್ಲಿ ಅದನ್ನು ಕಿತ್ತುಹಾಕಿ ಹಳೆಯ ಗುಟ್ಟಿನ ಪದವನ್ನೇ ಮರಳಿ ತಂದರು. ಅದೇ ಇವತ್ತಿಗೂ ಬಹಳ ಕಡೆ ಓಡುತ್ತಿರುವ ‘ವಿ2ಸಿ’. ಸಂಕೇತೀಕರಣ, ಬಳಕೆದಾರರ ಗುರುತು ಎಲ್ಲ ಇರುವ ಮೂರನೆಯ ಆವೃತ್ತಿ 2002ರ ಡಿಸೆಂಬರಿನಲ್ಲಿ ಪೂರ್ಣ ಮಾನಕವಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದವರು ವಕ್ರವಾಗಿ ರಚಿಸಿದ ಎಸ್‌ಎನ್‌ಎಂಪಿ ಸಂದೇಶಗಳನ್ನು ಕಳಿಸಿ ಅನೇಕ ಕಂಪನಿಗಳ ಉಪಕರಣಗಳನ್ನು ಕೆಡವಬಹುದೆಂದು ತೋರಿಸಿದ್ದರು. ಆಗಿನಿಂದ ಎಸ್‌ಎನ್‌ಎಂಪಿ ಎಂದರೆ ನೋಡುವುದಕ್ಕೆ ಮಾತ್ರ ಎಂಬುದು ಅಲಿಖಿತ ನಿಯಮ.

ನೋಡುವ ಕೆಲಸ ಅಗ್ಗವಾದದ್ದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಅಲ್ಲಿನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ 1994ರ ಸುಮಾರಿಗೆ ಕೆಲಸ ಮಾಡುತ್ತಿದ್ದ ಟೋಬಿಯಾಸ್ ಓಟಿಕರ್ ಅವರಿಗೆ ಹೊರಜಗತ್ತಿಗೆ ಇದ್ದದ್ದು ಒಂದೇ 64 ಕಿಲೋಬಿಟ್ ಲೈನ್. ಎಲ್ಲರಿಗೂ ಅದು ಎಷ್ಟು ತುಂಬಿದೆ ಎಂಬ ಕುತೂಹಲ. ಅವರು ಬರೆದ ಎಂಆರ್‌ಟಿಜಿ ಐದು ನಿಮಿಷಕ್ಕೊಮ್ಮೆ ರೂಟರನ್ನು ಕೇಳಿ, ಹಸಿರು ಬಯಲು, ನೀಲಿ ಗೆರೆಯ ಗ್ರಾಫನ್ನು ವೆಬ್ ಪುಟದಲ್ಲಿ ಹಾಕುತ್ತಿತ್ತು. 1995ರಿಂದ ಅದು ಜಗತ್ತಿಗೆಲ್ಲ ಉಚಿತ. ಬೆನ್ನಿಗೇ ಅವರದೇ ಆರ್‌ಆರ್‌ಡಿಟೂಲ್, ಅದರ ಮೇಲೆ ಕ್ಯಾಕ್ಟಿ. ಎಥನ್ ಗಾಲ್‌ಸ್ಟಾಡ್ ಅವರ ನಾಗಿಯೋಸ್. ಲಾಟ್ವಿಯಾದ ರಿಗಾದಿಂದ ಅಲೆಕ್ಸೈ ವ್ಲಾದಿಶೆವ್ ಅವರ ಝಾಬಿಕ್ಸ್. ಈಚೆಗೆ ಲಿಬ್ರೆಎನ್‌ಎಂಎಸ್, ಪ್ರೊಮಿಥಿಯಸ್, ಗ್ರಫಾನಾ. ಇವುಗಳಲ್ಲಿ ಯಾವುದು ಉತ್ತಮ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಇನ್ನೂರು ಸ್ವಿಚ್ಚಿನ ಸಂಸ್ಥೆಗೆ ಇವುಗಳಲ್ಲಿ ಯಾವುದಾದರೂ ಸಾಕು, ನೋಡಿಕೊಳ್ಳುವ ಒಬ್ಬ ಮನುಷ್ಯ ಇದ್ದರೆ.

ಹೆಚ್ಚು ಮುಖ್ಯವಾದದ್ದು ಗ್ರಾಫ್ ಹೇಗೆ ಸುಳ್ಳು ಹೇಳುತ್ತದೆ ಎಂಬುದು. ಐದು ನಿಮಿಷಕ್ಕೊಮ್ಮೆ ಅಳೆದರೆ ಸಿಗುವುದು ಐದು ನಿಮಿಷದ ಸರಾಸರಿ. ಮೂವತ್ತು ಸೆಕೆಂಡ್ ಲೈನ್ ಪೂರ್ತಿ ಉಕ್ಕಿ, ಕರೆಗಳು ತುಂಡಾಗಿ, ಉಳಿದ ನಾಲ್ಕೂವರೆ ನಿಮಿಷ ಖಾಲಿ ಇದ್ದರೆ ಗ್ರಾಫ್ ತೋರಿಸುವುದು ಶೇ. 10. ಇನ್ನು ಜಾಗ ಉಳಿಸಲೆಂದು ಎಂಆರ್‌ಟಿಜಿ ಹಳೆಯ ಅಳತೆಗಳನ್ನು ಅರ್ಧ ಗಂಟೆಗೆ, ಎರಡು ಗಂಟೆಗೆ, ಕೊನೆಗೆ ಒಂದು ದಿನಕ್ಕೆ ಒಂದರಂತೆ ಕುಗ್ಗಿಸುತ್ತದೆ. ಕಳೆದ ವಾರದ ಗ್ರಾಫಿನಲ್ಲಿ ಎತ್ತರಕ್ಕೆ ಚಾಚಿದ್ದ ಶಿಖರ ವರ್ಷದ ಗ್ರಾಫಿನಲ್ಲಿ ದಿಬ್ಬವೂ ಆಗಿರುವುದಿಲ್ಲ. ಅದನ್ನು ನೋಡಿ ಆಡಳಿತ ಮಂಡಳಿಯವರು ‘ಬ್ಯಾಂಡ್‌ವಿಡ್ತ್ ಬೇಕಾದಷ್ಟಿದೆಯಲ್ಲ’ ಎಂದರೆ ಅವರ ತಪ್ಪಲ್ಲ.

ಎಣಿಕೆಯ ಮೋಸವೂ ಹೀಗೇ. ಹಳೆಯ ಮಿಬ್‌ನ ಬೈಟ್ ಎಣಿಕೆ 32 ಬಿಟ್‌ನದು. ಸುಮಾರು 429 ಕೋಟಿ ಮುಟ್ಟಿದರೆ ಮತ್ತೆ ಸೊನ್ನೆ. 10 ಮೆಗಾಬಿಟ್ ಕಾಲದಲ್ಲಿ ಅದು ತುಂಬಲು ಐವತ್ತೇಳು ನಿಮಿಷ ಬೇಕಿತ್ತು. ಗಿಗಾಬಿಟ್ ಪೋರ್ಟ್ ಪೂರ್ತಿ ಓಡಿದರೆ 34 ಸೆಕೆಂಡ್ ಸಾಕು. ಐದು ನಿಮಿಷದ ಎರಡು ಅಳತೆಗಳ ನಡುವೆ ಅದು ಎಂಟೊಂಬತ್ತು ಸಲ ಸೊನ್ನೆಗೆ ಬಂದಿರುತ್ತದೆ, ಸಾಫ್ಟ್‌ವೇರಿಗೆ ಗೊತ್ತೇ ಆಗುವುದಿಲ್ಲ. 64 ಬಿಟ್‌ನ ಎಣಿಕೆ ಬಂದು ಎಷ್ಟೋ ಕಾಲವಾದರೂ ಹಳೆಯ ಟೆಂಪ್ಲೇಟ್ ನಕಲು ಮಾಡಿಕೊಂಡ ಕಡೆ ಈ ತಪ್ಪು ಜೀವಂತ. ಉಪಕರಣ ಎಷ್ಟು ಹೊತ್ತಿನಿಂದ ಚಾಲೂ ಇದೆ ಎಂಬ ಲೆಕ್ಕವಂತೂ ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ, ಅದೂ 32 ಬಿಟ್‌ನಲ್ಲಿ. 497 ದಿನಕ್ಕೆ ಅದು ಸೊನ್ನೆಗೆ ತಿರುಗುತ್ತದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಅಲುಗಾಡದೆ ಕೆಲಸ ಮಾಡಿದ ಸ್ವಿಚ್ ‘ಈಗಷ್ಟೇ ರೀಬೂಟ್ ಆಯಿತು’ ಎಂಬ ದೂರು ಹೊತ್ತುಕೊಳ್ಳುವುದು ಹೀಗೆ.

ಅಲರ್ಟ್‌ಗಳ ಕಥೆಯನ್ನು ಬೇಗ ಮುಗಿಸುತ್ತೇನೆ, ರಾತ್ರಿ ಪಾಳಿ ಮಾಡಿದವರಿಗೆಲ್ಲ ಗೊತ್ತಿರುವುದೇ. ಒಂದು ಕೋರ್ ಸ್ವಿಚ್ ಹೋದರೆ ಅದರ ಹಿಂದಿನ ಇನ್ನೂರು ಉಪಕರಣಗಳೂ ಕೆಂಪಾಗುತ್ತವೆ. ಇನ್ನೂರೊಂದು ಸಂದೇಶಗಳಲ್ಲಿ ನಿಜವಾದದ್ದು ಒಂದು. ಯಾವುದರ ಹಿಂದೆ ಯಾವುದಿದೆ ಎಂದು ತಿಳಿಸಿಕೊಟ್ಟರೆ ನಾಗಿಯೋಸ್‌ನಂಥ ಹಳೆಯ ತಂತ್ರಾಂಶವೂ ಉಳಿದವನ್ನು ನುಂಗಿಕೊಳ್ಳಬಲ್ಲದು. ಆ ಸಂಬಂಧಗಳನ್ನು ಕೂತು ತುಂಬುವವರು ಕಡಿಮೆ. ಬೆಂಗಳೂರಿನ ಎಷ್ಟೋ ಕಟ್ಟಡಗಳಲ್ಲಿ ಅಮೆರಿಕ, ಯುರೋಪಿನ ಕಂಪನಿಗಳ ನೆಟ್‌ವರ್ಕ್ ಕಾಯುವ ‘ನಾಕ್’ಗಳಿವೆ. ಅಲ್ಲಿ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಮೊದಲು ಕಲಿಯುವ ವಿದ್ಯೆ ಯಾವ ಅಲರ್ಟ್ ಅನ್ನು ನಿರ್ಲಕ್ಷಿಸಬೇಕು ಎಂಬುದು. ಹಾಗೆ ನಿರ್ಲಕ್ಷಿಸಿದ್ದರಲ್ಲೇ ಒಂದು ದಿನ ನಿಜವಾದದ್ದು ಇರುತ್ತದೆ.

ಬದಲಿಸುವ ಮಾತಿಗೆ ಬರೋಣ. ಇಲ್ಲಿ ಬಹುಕಾಲ ಇದ್ದದ್ದು ಕೈಕೆಲಸ: ರೂಟರಿಗೆ ಲಾಗಿನ್ ಆಗು, ಕಮಾಂಡ್ ಟೈಪ್ ಮಾಡು, ಸೇವ್ ಮಾಡು. ಕಮಾಂಡ್ ಬರೆದ ಕ್ಷಣವೇ ಜಾರಿ. ಸಿಸ್ಕೊ ಸ್ವಿಚ್ಚಿನ ಟ್ರಂಕ್ ಪೋರ್ಟಿನಲ್ಲಿ ನಲವತ್ತು ವಿಎಲ್‌ಎಎನ್, ಅಂದರೆ ಒಂದೇ ಕೇಬಲಿನೊಳಗಿನ ಬೇರೆ ಬೇರೆ ಜಾಲಗಳು, ಓಡುತ್ತಿರುವಾಗ ಇನ್ನೊಂದನ್ನು ಸೇರಿಸಬೇಕೆಂದರೆ ಕಮಾಂಡಿನಲ್ಲಿ ‘ಆ್ಯಡ್’ ಎಂಬ ಪದ ಇರಬೇಕು. ಅದನ್ನು ಮರೆತರೆ ಹೊಸ ಒಂದು ಮಾತ್ರ ಉಳಿದು ಹಳೆಯ ನಲವತ್ತೂ ಮಾಯ. ಜೊತೆಗೆ ನೀವು ಲಾಗಿನ್ ಆಗಿ ಬಂದ ದಾರಿಯೂ ಮಾಯ. ಈ ಒಂದು ಪದದ ಮರೆವಿನಿಂದ ಕತ್ತಲಾದ ಕಚೇರಿಗಳ ಲೆಕ್ಕ ಇಟ್ಟವರಿಲ್ಲ.

ಅದಕ್ಕೇ ಹಳಬರು ಒಂದು ಉಪಾಯ ಕಂಡುಕೊಂಡಿದ್ದರು. ಅಪಾಯದ ಕಮಾಂಡ್ ಕೊಡುವ ಮೊದಲು ‘ಹತ್ತು ನಿಮಿಷಕ್ಕೆ ರೀಲೋಡ್ ಆಗು’ ಎಂದು ಹೇಳಿಡುವುದು. ಎಲ್ಲ ಸರಿಯಿದ್ದರೆ ರದ್ದು ಮಾಡಿ ಸೇವ್ ಮಾಡುವುದು. ಸಂಪರ್ಕ ಕಡಿದರೆ ಸುಮ್ಮನೆ ಕಾಯುವುದು, ರೂಟರ್ ತಾನಾಗಿ ಎದ್ದು ಹಳೆಯ ಕಾನ್ಫಿಗರೇಶನ್ನಿಗೆ ಬರುತ್ತದೆ. ಜೂನಿಪರ್ ಕಂಪನಿ ಇದೇ ಉಪಾಯವನ್ನು ಶಿಷ್ಟಾಚಾರವಾಗಿಸಿತು. ಅದರ ಜುನೋಸ್‌ನಲ್ಲಿ ಬದಲಾವಣೆಗಳನ್ನೆಲ್ಲ ಮೊದಲು ಒಂದು ಕರಡಿನಲ್ಲಿ ಬರೆದು, ಈಗ ಓಡುತ್ತಿರುವುದಕ್ಕೂ ಅದಕ್ಕೂ ಏನು ವ್ಯತ್ಯಾಸ ಎಂದು ನೋಡಿ, ಬಳಿಕ ಒಟ್ಟಿಗೆ ಜಾರಿ ಮಾಡಬಹುದು. ‘ಕಮಿಟ್ ಕನ್ಫರ್ಮ್ಡ್’ ಎಂದರೆ ಹತ್ತು ನಿಮಿಷದೊಳಗೆ ಮತ್ತೊಮ್ಮೆ ಖಾತರಿ ಕೊಡದಿದ್ದರೆ ಎಲ್ಲ ಮೊದಲಿನಂತಾಗುತ್ತದೆ, ರೀಬೂಟ್ ಇಲ್ಲದೆ. ನೆಟ್‌ವರ್ಕ್ ನಿರ್ವಹಣೆಯ ಇತಿಹಾಸದಲ್ಲಿ ಇದಕ್ಕಿಂತ ಮನುಷ್ಯರನ್ನು ಅರಿತ ಸೌಲಭ್ಯ ನನಗೆ ಕಂಡಿಲ್ಲ.

2002ರ ಜೂನ್‌ನಲ್ಲಿ ಇಂಟರ್ನೆಟ್ ವಾಸ್ತು ಮಂಡಳಿ ಅಮೆರಿಕದ ವರ್ಜೀನಿಯಾದಲ್ಲಿ ಒಂದು ಕಾರ್ಯಾಗಾರ ಕರೆಯಿತು. ಪ್ರೋಟೋಕಾಲ್ ಬರೆಯುವವರು, ಜಾಲ ನಡೆಸುವವರು ಎದುರುಬದುರು ಕೂತರು. ನಡೆಸುವವರ ಮಾತು ನೇರವಾಗಿತ್ತು. ಎಸ್‌ಎನ್‌ಎಂಪಿಯಿಂದ ನಾವು ನೋಡುತ್ತೇವೆ, ಬದಲಿಸುವುದಿಲ್ಲ. ನಮಗೆ ಬೇಕಾದದ್ದು ಒಂದೊಂದು ಉಪಕರಣವನ್ನಲ್ಲ, ಇಡೀ ಜಾಲವನ್ನು ಒಟ್ಟಾಗಿ ಬದಲಿಸುವ ದಾರಿ. ಮನುಷ್ಯ ಬರೆದ ಕಾನ್ಫಿಗರೇಶನ್ ಯಾವುದು, ಉಪಕರಣ ತಾನೇ ಕಲಿತ ಸ್ಥಿತಿ ಯಾವುದು ಎಂಬುದು ಬೇರೆ ಬೇರೆಯಾಗಿ ಕಾಣಬೇಕು. ಎರಡು ಕಾನ್ಫಿಗರೇಶನ್‌ಗಳನ್ನು ಹೋಲಿಸಲು ಸಾಮಾನ್ಯ ಪಠ್ಯದ ಉಪಕರಣಗಳೇ ಸಾಕಾಗಬೇಕು. ಮುಂದಿನ ವರ್ಷ ಪ್ರಕಟವಾದ ಆ ವರದಿ ಈ ಕ್ಷೇತ್ರದಲ್ಲಿ ನಾನು ಓದಿದ ಅತ್ಯಂತ ಪ್ರಾಮಾಣಿಕ ದಾಖಲೆ.

ಅದರ ಫಲ 2006ರ ನೆಟ್‌ಕಾನ್ಫ್, 2010ರ ಯಾಂಗ್. ಯಾಂಗ್‌ನಲ್ಲಿ ಉಪಕರಣದ ಕಾನ್ಫಿಗರೇಶನ್ ಎಂಬುದು ಯಾವ ಆಕಾರದ್ದು, ಯಾವ ಜಾಗದಲ್ಲಿ ಯಾವ ಬೆಲೆ ಸಲ್ಲುತ್ತದೆ ಎಂದು ಬರೆದಿಡುತ್ತಾರೆ. ನೆಟ್‌ಕಾನ್ಫ್ ಅದನ್ನು ಸುರಕ್ಷಿತ ದಾರಿಯಲ್ಲಿ ಉಪಕರಣಕ್ಕೆ ಒಯ್ಯುತ್ತದೆ. ಉಪಕರಣಕ್ಕೆ ಆ ಸಾಮರ್ಥ್ಯವಿದ್ದರೆ ಕರಡು, ಪರಿಶೀಲನೆ, ಖಾತರಿ ಇಲ್ಲದಿದ್ದರೆ ವಾಪಸು ಎಲ್ಲವೂ ಸಿಗುತ್ತದೆ. ಚೆಂದದ ರಚನೆ. ತೊಡಕು ಬಂದದ್ದು ಪ್ರತಿ ಕಂಪನಿಯೂ ತನ್ನದೇ ಯಾಂಗ್ ಮಾದರಿ ಬರೆದಾಗ. ಗೂಗಲ್ ಮತ್ತಿತರ ದೊಡ್ಡ ಜಾಲದವರು ಓಪನ್‌ಕಾನ್ಫಿಗ್ ಎಂಬ ಸಮಾನ ಮಾದರಿಗೆ ಕೈಹಾಕಿದರು. ಅದರೊಂದಿಗೆ ಐದು ನಿಮಿಷಕ್ಕೊಮ್ಮೆ ಕೇಳುವ ಬದಲು ಉಪಕರಣವೇ ಕೆಲವು ಸೆಕೆಂಡಿಗೊಮ್ಮೆ ಅಂಕಿಅಂಶ ಹರಿಸುವ ಟೆಲಿಮೆಟ್ರಿಯೂ ಬಂತು. ದತ್ತಾಂಶ ಕೇಂದ್ರಗಳಲ್ಲಿ ಇದು ಈಗ ರೂಢಿ. ಜಿಲ್ಲಾ ಕೇಂದ್ರದ ಕಾಲೇಜಿನ ಸ್ವಿಚ್ಚಿನಲ್ಲಿ ಅಲ್ಲ.

ಈ ಹೊತ್ತಿಗೆ ಕೆಲಸ ನಡೆಸುವವರು ಮಾನಕಗಳಿಗೆ ಕಾಯದೆ ತಮ್ಮ ದಾರಿ ಹಿಡಿದಿದ್ದರು. 1990ರ ದಶಕದಲ್ಲೇ ರ್‍ಯಾನ್ಸಿಡ್ ಎಂಬ ಉಚಿತ ಪ್ರೋಗ್ರಾಂ ಪ್ರತಿ ರೂಟರಿಗೂ ಮನುಷ್ಯನಂತೆ ಲಾಗಿನ್ ಆಗಿ, ಕಾನ್ಫಿಗರೇಶನ್ ನಕಲು ಮಾಡಿ, ನಿನ್ನೆಗೂ ಇವತ್ತಿಗೂ ವ್ಯತ್ಯಾಸವಾದ ಸಾಲುಗಳನ್ನಷ್ಟೇ ಇಮೇಲ್ ಮಾಡುತ್ತಿತ್ತು. ‘ಯಾರೂ ಏನೂ ಮುಟ್ಟಿಲ್ಲ ಸಾರ್’ ಎಂಬ ಮಾತಿಗೆ ಅಂಥ ಇಮೇಲಿಗಿಂತ ಒಳ್ಳೆಯ ಉತ್ತರ ಇಲ್ಲ. ಈಗ ಅದರ ಜಾಗದಲ್ಲಿ ಆಕ್ಸಿಡೈಸ್ಡ್ ಇದೆ. 2012ರಲ್ಲಿ ಮೈಕೆಲ್ ಡಿಹಾನ್ ಸರ್ವರ್‌ಗಳಿಗೆಂದು ಬರೆದ ಆನ್ಸಿಬಲ್ ಸ್ವಿಚ್ಚುಗಳಿಗೂ ಹಬ್ಬಿ, ಒಂದೇ ಬದಲಾವಣೆಯನ್ನು ಐನೂರು ಉಪಕರಣಗಳಿಗೆ ಹತ್ತು ನಿಮಿಷದಲ್ಲಿ ತಲುಪಿಸುವ ಶಕ್ತಿ ಸಾಮಾನ್ಯ ಎಂಜಿನಿಯರಿನ ಕೈಗೆ ಬಂತು. ತಪ್ಪನ್ನೂ ಅಷ್ಟೇ ಬೇಗ ಹರಡುವ ಶಕ್ತಿ ಅದು.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಆರು ಗಂಟೆ ನಿಂತದ್ದು ಓದುಗರಿಗೆ ನೆನಪಿರಬಹುದು. ಬೆನ್ನೆಲುಬಿನ ಜಾಲದಲ್ಲಿ ಎಷ್ಟು ಸಾಮರ್ಥ್ಯ ಉಳಿದಿದೆ ಎಂದು ಅಳೆಯಲು ಕೊಟ್ಟ ಒಂದು ಕಮಾಂಡ್ ಆ ಜಾಲದ ಎಲ್ಲ ಸಂಪರ್ಕವನ್ನೂ ಕಡಿದುಹಾಕಿತು. ಇಂಥ ಕಮಾಂಡ್ ತಡೆಯಲೆಂದೇ ಪರಿಶೋಧನೆಯ ತಂತ್ರಾಂಶವಿತ್ತು. ಅದರಲ್ಲೇ ದೋಷವಿದ್ದು ತಡೆಯಲಿಲ್ಲ. ದತ್ತಾಂಶ ಕೇಂದ್ರಗಳ ಸಂಪರ್ಕ ಹೋದದ್ದನ್ನು ಕಂಡ, ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರುಗಳು ತಾವು ಕೆಟ್ಟಿದ್ದೇವೆಂದು ಭಾವಿಸಿ ಇಂಟರ್ನೆಟ್ಟಿನಿಂದ ತಮ್ಮ ವಿಳಾಸ ಹಿಂದಕ್ಕೆ ಪಡೆದವು. ದೂರದಿಂದ ಸರಿಪಡಿಸುವ ಉಪಕರಣಗಳೂ ಅದೇ ಜಾಲ, ಅದೇ ಡಿಎನ್‌ಎಸ್ ನಂಬಿದ್ದವು. ಎಂಜಿನಿಯರುಗಳು ದತ್ತಾಂಶ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕಾಯಿತು. ಯಾರೂ ಸುಲಭವಾಗಿ ಒಳನುಗ್ಗದಂತೆ ಕಟ್ಟಿದ್ದ ಭದ್ರತೆ ಅವರನ್ನೇ ತಡೆದು ನಿಧಾನ ಮಾಡಿತು. 2023ರ ನವೆಂಬರ್ 8ರಂದು ಆಸ್ಟ್ರೇಲಿಯಾದ ಆಪ್ಟಸ್‌ನಲ್ಲೂ ಸುಮಾರು 90 ರೂಟರುಗಳು ಮಿತಿಮೀರಿದ ರೂಟಿಂಗ್ ಮಾಹಿತಿ ಕಂಡು ತಮ್ಮನ್ನು ತಾವೇ ಕಡಿದುಕೊಂಡವು. ಕೆಲವನ್ನು ಎಬ್ಬಿಸಲು ಜನರನ್ನು ಊರೂರಿಗೆ ಕಳಿಸಬೇಕಾಯಿತು. ಒಂದು ಕೋಟಿಯಷ್ಟು ಗ್ರಾಹಕರು ಹೆಚ್ಚುಕಡಿಮೆ ಒಂದು ಹಗಲು ಕಾದರು.

ಪರಿಹಾರ ಗೊತ್ತಿಲ್ಲದ್ದೇನಲ್ಲ. ನಿರ್ವಹಣೆಗೆ ಬೇರೆಯದೇ ದಾರಿ: ಪ್ರತಿ ಮುಖ್ಯ ಜಾಗದಲ್ಲೂ ಉಪಕರಣಗಳ ಕನ್ಸೋಲ್‌ಗೆ ನೇರ ಜೋಡಿಸಿದ ಒಂದು ಕನ್ಸೋಲ್ ಸರ್ವರ್, ಅದಕ್ಕೆ ಬೇರೆ ಕಂಪನಿಯ ಮೊಬೈಲ್ ಸಿಮ್ ಅಥವಾ ಬೇರೆ ಲೈನ್. ಕಷ್ಟ ಖರ್ಚಿನದು. ವರ್ಷದಲ್ಲಿ 364 ದಿನ ಅದು ಸುಮ್ಮನೆ ಕೂತಿರುತ್ತದೆ. ಯಾವ ಬಜೆಟ್ ಸಭೆಯಲ್ಲೂ ಸುಮ್ಮನೆ ಕೂತಿರುವ ವಸ್ತು ಬಹಳ ದಿನ ಉಳಿಯುವುದಿಲ್ಲ. ಉಳಿದರೂ ಸಿಮ್ಮಿನ ರೀಚಾರ್ಜ್ ಮುಗಿದಿರುತ್ತದೆ.

ಇನ್ನೊಂದು ಭಯ ನಿರ್ವಹಣಾ ಸಾಫ್ಟ್‌ವೇರೇ ತೆರೆದುಕೊಡುವ ಬಾಗಿಲಿನದು. ಎಲ್ಲ ಉಪಕರಣಗಳನ್ನೂ ನೋಡಬಲ್ಲ, ಅವುಗಳ ಪಾಸ್‌ವರ್ಡ್‌ಗಳನ್ನು ಇಟ್ಟುಕೊಂಡಿರುವ, ಫೈರ್‌ವಾಲ್ ದಾಟಲು ಅನುಮತಿಯಿರುವ ಒಂದು ಸರ್ವರ್ ಕಳ್ಳನ ಕಣ್ಣಿಗೆ ಹೇಗೆ ಕಾಣಬೇಕು? 2020ರಲ್ಲಿ ಸೋಲಾರ್‌ವಿಂಡ್ಸ್ ಕಂಪನಿಯ ಒರಾಯನ್ ಎಂಬ ನೆಟ್‌ವರ್ಕ್ ನಿರ್ವಹಣಾ ಸಾಫ್ಟ್‌ವೇರಿನ ಅಪ್‌ಡೇಟ್‌ನಲ್ಲೇ ದುಷ್ಟ ಕೋಡ್ ಸೇರಿಸಲಾಯಿತು. ಅಪ್‌ಡೇಟ್‌ಗೆ ಕಂಪನಿಯದೇ ಸಹಿಯಿತ್ತು. ಸುಮಾರು 18,000 ಗ್ರಾಹಕರು ಅದನ್ನು ಇಳಿಸಿಕೊಂಡರು. ಡಿಸೆಂಬರಿನಲ್ಲಿ ಫೈರ್‌ಐ ಎಂಬ ಭದ್ರತಾ ಕಂಪನಿ ತನ್ನದೇ ಮನೆಯಲ್ಲಿ ಕಳ್ಳತನವಾದ ಮೇಲೆ ಹುಡುಕುತ್ತಾ ಹೋಗಿ ಇದನ್ನು ಹೊರಗೆಳೆಯಿತು. ಅಮೆರಿಕದ ಒಂಬತ್ತು ಸರ್ಕಾರಿ ಸಂಸ್ಥೆಗಳ, ಸುಮಾರು ನೂರು ಕಂಪನಿಗಳ ಒಳಗೆ ದಾಳಿಕೋರರು ಮುಂದೆ ಸಾಗಿದ್ದರು. ಅಪ್‌ಡೇಟ್ ಹಾಕದೆ ಸೋಮಾರಿಯಾಗಿದ್ದವರು ಬಚಾವಾದರು ಎಂಬುದು ಈ ಕ್ಷೇತ್ರದ ಕ್ರೂರ ಹಾಸ್ಯ.

ಮನೆಯ ರೂಟರುಗಳಿಗೂ ಇದೇ ಗತಿ. ಇಂಟರ್ನೆಟ್ ಕಂಪನಿಗಳು ನಮ್ಮ ಮನೆಯ ರೂಟರನ್ನು ದೂರದಿಂದ ಸರಿಪಡಿಸಲು 2004ರಲ್ಲಿ ಬಂದ ಟಿಆರ್-069 ಎಂಬ ವಿಧಾನ ಬಳಸುತ್ತವೆ. 2016ರ ನವೆಂಬರ್ ಕೊನೆಯಲ್ಲಿ ಅದಕ್ಕೆ ಮೀಸಲಾದ 7547ನೇ ಪೋರ್ಟಿನ ಮೂಲಕ ಮಿರಾಯ್ ಎಂಬ ದುಷ್ಟ ತಂತ್ರಾಂಶದ ಒಂದು ತಳಿ ನುಗ್ಗಲು ನೋಡಿ, ಜರ್ಮನಿಯ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ರೂಟರುಗಳು ಬಿದ್ದವು.

ನಮ್ಮ ಕಡೆಗೆ ತಿರುಗಿದರೆ, ಇಂದು ಜೊಹೊ ಎಂದು ಹೆಸರಾದ ಚೆನ್ನೈನ ಕಂಪನಿ 1996ರಲ್ಲಿ ಅಡ್ವೆಂಟ್‌ನೆಟ್ ಎಂದು ಶುರುವಾದದ್ದು ನೆಟ್‌ವರ್ಕ್ ನಿರ್ವಹಣೆಯ ತಂತ್ರಾಂಶದಿಂದಲೇ. ಅದರ ಆಪ್‌ಮ್ಯಾನೇಜರ್ ಈಗಲೂ ಮಾರುಕಟ್ಟೆಯಲ್ಲಿದೆ. ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ 2000ದಿಂದ ಆಪ್ಟಿಕಲ್ ಉಪಕರಣ, ಅದನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಎರಡನ್ನೂ ಮಾಡುತ್ತಿದೆ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶ ಲಾಗ್‌ಗಳನ್ನು 180 ದಿನ ದೇಶದೊಳಗೆ ಇಡಬೇಕು, ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು, ಘಟನೆಯನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು ಎಂದಿತು. ಆರು ಗಂಟೆಯ ಬಗ್ಗೆ ಗದ್ದಲವಾಯಿತು. ನನಗೆ ಗಡಿಯಾರದ ಮಾತೇ ಹೆಚ್ಚು ಬೆಲೆಯದು ಅನಿಸುತ್ತದೆ. ಎರಡು ಸ್ವಿಚ್ಚುಗಳ ಲಾಗ್‌ನಲ್ಲಿ ಏಳು ನಿಮಿಷ ವ್ಯತ್ಯಾಸವಿದ್ದರೆ ಯಾವುದರಿಂದ ಯಾವುದು ಕೆಟ್ಟಿತು ಎಂದು ಹೇಳುವುದೇ ಕಷ್ಟ.

ಇನ್ನು 2011ರಲ್ಲಿ ಒಪ್ಪಿಗೆ ಪಡೆದು, ಮುಂದೆ ಭಾರತ್‌ನೆಟ್ ಆದ ಯೋಜನೆ. ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಗುರಿ. ಇಂಥ ಜಾಲದಲ್ಲಿ ದೂರದ ಪರದೆಯ ಮೇಲೆ ಒಂದು ಪಂಚಾಯಿತಿ ಕೆಂಪಾದರೆ ಅರ್ಥವೇನು? ರಸ್ತೆ ಅಗಲ ಮಾಡುವ ಜೆಸಿಬಿ ಫೈಬರ್ ಕತ್ತರಿಸಿರಬಹುದು, ಕರೆಂಟ್ ಹೋಗಿ ಬ್ಯಾಟರಿ ಇಳಿದಿರಬಹುದು, ಸಂಜೆ ಬೀಗ ಹಾಕುವಾಗ ಯಾರೋ ಮೇನ್ ಸ್ವಿಚ್ ಆರಿಸಿರಬಹುದು. ಮೊದಲನೆಯದಕ್ಕೆ ಜೋಡಿಸುವ ಯಂತ್ರದೊಂದಿಗೆ ತಂಡ ಹೋಗಬೇಕು, ಕೊನೆಯದಕ್ಕೆ ಪಿಡಿಒ ಅವರಿಗೆ ಒಂದು ಫೋನ್ ಸಾಕು. ಇದನ್ನು ಬೇರೆ ಮಾಡುವ ಉಪಾಯ ಇಂಥ ಫೈಬರ್ ಜಾಲಗಳ ಜಿಪಾನ್ ತಂತ್ರಜ್ಞಾನದಲ್ಲೇ ಇದೆ: ವಿದ್ಯುತ್ ಹೋಗುತ್ತಿರುವುದನ್ನು ಅರಿತ ಪೆಟ್ಟಿಗೆ ಪೂರ್ತಿ ಆರುವ ಮೊದಲು ‘ಡೈಯಿಂಗ್ ಗ್ಯಾಸ್ಪ್’ ಎಂಬ ಕೊನೆಯ ಸಂದೇಶ ಕಳಿಸುತ್ತದೆ. ಅದು ಬಂದಿದ್ದರೆ ಕರೆಂಟಿನ ಸಮಸ್ಯೆ, ಬರದೆ ಬೆಳಕು ಹೋಗಿದ್ದರೆ ಹೆಚ್ಚಿನಂಶ ಫೈಬರಿನದು. ಆ ಒಂದು ಗುರುತನ್ನು ಬೇರೆ ಬಣ್ಣದಲ್ಲಿ ತೋರಿಸಿದರೆ ಎಷ್ಟೋ ವ್ಯರ್ಥ ಓಡಾಟ ತಪ್ಪುತ್ತದೆ. ನಕ್ಷೆಯ ಮೇಲೆ ಹೊಳೆಯುವ ಚುಕ್ಕಿಗಳಿಂದ ಅದು ತಪ್ಪುವುದಿಲ್ಲ.

ಮೂವತ್ತು ನಲವತ್ತು ಸ್ವಿಚ್ಚಿನ ಕಾಲೇಜು, ಆಸ್ಪತ್ರೆ, ಸಹಕಾರಿ ಬ್ಯಾಂಕಿನವರು ಕೇಳಿದರೆ ನಾನು ಹೇಳುವ ಕ್ರಮ ಮಾರಾಟಗಾರರ ಕ್ರಮಕ್ಕೆ ತಿರುಗುಮುರುಗು. ಮೊದಲು ಯಾವ ಪೋರ್ಟಿನಿಂದ ಯಾವ ಕೇಬಲ್ ಎಲ್ಲಿಗೆ ಹೋಗಿದೆ ಎಂಬ ಪಟ್ಟಿ. ನೆಟ್‌ಬಾಕ್ಸ್‌ನಲ್ಲಿ ಇಡಿ, ಇಲ್ಲವೇ ಎಕ್ಸೆಲ್‌ನಲ್ಲಿ ಇಡಿ, ನಿಜವಿದ್ದರೆ ಸಾಕು. ಆಮೇಲೆ ಪ್ರತಿ ರಾತ್ರಿ ಕಾನ್ಫಿಗರೇಶನ್ ಬ್ಯಾಕಪ್, ವ್ಯತ್ಯಾಸದ ಇಮೇಲ್. ಉಪಕರಣಗಳ ನಿರ್ವಹಣಾ ವಿಳಾಸಕ್ಕೆ ಬೇರೆ ವಿಎಲ್‌ಎಎನ್, ಅದಕ್ಕೆ ಬರಲು ಒಂದೆರಡು ಕಂಪ್ಯೂಟರಿಗೆ ಮಾತ್ರ ಅನುಮತಿ. ‘ಪಬ್ಲಿಕ್’ ತೆಗೆದುಹಾಕಿ, ಆದ ಕಡೆ ಮೂರನೆಯ ಆವೃತ್ತಿ. ನಿರ್ವಹಣಾ ಸರ್ವರಿಗೆ ನೋಡುವ ಹಕ್ಕು ಒಂದು ಖಾತೆಯಲ್ಲಿ, ಬದಲಿಸುವ ಹಕ್ಕು ಇನ್ನೊಂದರಲ್ಲಿ. ಗ್ರಾಫು, ಗೋಡೆಯ ಟಿವಿ ಎಲ್ಲ ಆಮೇಲೆ.

ಆದರೂ ಈ ಕ್ರಮಕ್ಕೆ ಪೇಟೆಯೇ ಅಡ್ಡ ಬರುತ್ತದೆ. ಹತ್ತು ಹದಿನೈದು ಸಾವಿರ ರೂಪಾಯಿಯ ‘ಸ್ಮಾರ್ಟ್’ ಸ್ವಿಚ್ಚುಗಳಲ್ಲಿ ಬಹಳಷ್ಟಕ್ಕೆ ನೆಟ್‌ಕಾನ್ಫ್ ಇಲ್ಲ, ಕಮಾಂಡ್ ಲೈನ್ ಇದ್ದರೂ ಅರೆಬರೆ. ಇರುವುದು ಒಂದು ವೆಬ್ ಪುಟ, ಓದಲಷ್ಟೇ ಬರುವ ಎಸ್‌ಎನ್‌ಎಂಪಿ. ಇನ್ನೊಂದು ತುದಿಯಲ್ಲಿ ಕಂಪನಿಯ ಕ್ಲೌಡ್‌ನಿಂದಲೇ ನಡೆಯುವ ಸ್ವಿಚ್ಚುಗಳಿವೆ: ಎಲ್ಲವೂ ಮೊಬೈಲಿನಿಂದ ಸಲೀಸು. ಕೆಲವು ಬ್ರ್ಯಾಂಡುಗಳಲ್ಲಿ ಲೈಸೆನ್ಸ್ ಮುಗಿದ ದಿನ ಪೆಟ್ಟಿಗೆಯನ್ನು ತಿದ್ದುವ ಅಧಿಕಾರವೂ ಮುಗಿಯುತ್ತದೆ, ಇಂಟರ್ನೆಟ್ ಕಡಿದ ದಿನ ಪೆಟ್ಟಿಗೆಗೂ ನಿಮಗೂ ನಡುವಿನ ದಾರಿ ಕಡಿಯುತ್ತದೆ. ಟೆಂಡರಿನ ತಾಂತ್ರಿಕ ಷರತ್ತುಗಳಲ್ಲಿ ಪೋರ್ಟು, ವೇಗ, ವಾರಂಟಿ ಕೇಳುವವರು ಕಾನ್ಫಿಗರೇಶನ್ನನ್ನು ಪಠ್ಯವಾಗಿ ಹೊರತೆಗೆಯಲು ಬರುತ್ತದೆಯೇ, ಖಾತರಿ ಕೊಡದಿದ್ದರೆ ಹಿಂದಿನದಕ್ಕೆ ಮರಳುತ್ತದೆಯೇ, ಕ್ಲೌಡ್ ಇಲ್ಲದಾಗ ಕನ್ಸೋಲ್‌ನಿಂದ ತಿದ್ದಬಹುದೇ ಎಂಬ ಮೂರು ಸಾಲನ್ನೂ ಸೇರಿಸಬಹುದು. ಸೇರಿಸಿದರೆ ಬಿಡ್ ಹಾಕುವವರ ಪಟ್ಟಿ ಚಿಕ್ಕದಾಗುತ್ತದೆ, ದರ ಸ್ವಲ್ಪ ಏರುತ್ತದೆ.